ಸಕಲ ಮೃತರ ಹೆಸರಿನಲ್ಲಿ ಒಂದು ಕಾಲೇಜು



ನವೆಂಬರ್ 2 ಬಂತೆಂದರೆ ನಾವು ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ಅಗಲಿದ ನಮ್ಮವರ ಹೆಸರು ಬರೆಸಿ ಪೂಜೆ ಮಾಡಿಸುತ್ತೇವೆ. ಈ ಹಬ್ಬದ ಹೆಸರನ್ನೇ ಹೊತ್ತ ಕಾಲೇಜೊಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿದೆ. ಅದೇ ಆಲ್ ಸೋಲ್ಸ್ ಕಾಲೇಜು. 'ಮೃತರಾದ ಸಕಲ ವಿಶ್ವಾಸಿಗಳ ಆತ್ಮಗಳ ಕಾಲೇಜು' ಎಂಬುದು ಅದರ ಪೂರ್ಣ ಹೆಸರಿನ ಅರ್ಥ.

1438ರಲ್ಲಿ ಇದನ್ನು ಸ್ಥಾಪಿಸಿದವರು ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಹೆನ್ರಿ ಚಿಚೆಲಿ. ದೊರೆ ಆರನೆಯ ಹೆನ್ರಿ ಸಹಸ್ಥಾಪಕ. ಇಂಗ್ಲೆಂಡಿಗೂ ಫ್ರಾನ್ಸಿಗೂ ನೂರು ವರ್ಷಗಳ ಯುದ್ಧ ನಡೆಯುತ್ತಿದ್ದ ಕಾಲವದು. ಒಬ್ಬ ಮುಖ್ಯಸ್ಥರು, 40 ಮಂದಿ ಫೆಲೋಗಳು. ಅವರಿಗೆ ಕೆಲಸ ಎರಡು: ಓದುವುದು ಮತ್ತು ಪ್ರಾರ್ಥಿಸುವುದು. ಐದನೆಯ ಹೆನ್ರಿಗಾಗಿ, ಫ್ರಾನ್ಸಿನ ಯುದ್ಧಗಳಲ್ಲಿ ಮಡಿದವರಿಗಾಗಿ, ಸಕಲ ಮೃತ ವಿಶ್ವಾಸಿಗಳಿಗಾಗಿ ಅವರು ಪ್ರಾರ್ಥಿಸಬೇಕಿತ್ತು.

ಚಿಚೆಲಿಯವರು ಯುದ್ಧವನ್ನು ದೂರದಿಂದ ಕಂಡವರಲ್ಲ. 1414ರಲ್ಲಿ ಅವರು ಮಹಾಧರ್ಮಾಧ್ಯಕ್ಷರಾದರು. ಮರುವರ್ಷವೇ ಅಜಿನ್‌ಕೋರ್ಟ್ ಕದನ. ಆ ಯುದ್ಧಕ್ಕೆ ಧರ್ಮಸಭೆಯ ಹಣವೂ ಹೋಯಿತು. ಶೇಕ್ಸ್‌ಪಿಯರನ ನಾಟಕದಲ್ಲಂತೂ ದೊರೆಯನ್ನು ಯುದ್ಧಕ್ಕೆ ಹುರಿದುಂಬಿಸುವವರೇ ಇವರು. ನಾಟಕವನ್ನು ಚರಿತ್ರೆಯೆಂದು ನಂಬಬೇಕಿಲ್ಲ, ಆದರೂ ಸತ್ತವರ ಭಾರ ಅವರ ಮನಸ್ಸಿನ ಮೇಲಿತ್ತೆಂದು ನಮಗೆ ತೋರುತ್ತದೆ. ಕ್ಯಾಂಟರ್ಬರಿಯ ದೇವಾಲಯದಲ್ಲಿ ಅವರು ಬದುಕಿದ್ದಾಗಲೇ ಕಟ್ಟಿಸಿಕೊಂಡ ಸಮಾಧಿಯಿದೆ. ಮೇಲಿನ ಅಂತಸ್ತಿನಲ್ಲಿ ಧರ್ಮಾಧ್ಯಕ್ಷರ ಉಡುಪು ತೊಟ್ಟ ಮೂರ್ತಿ, ಕೆಳಗೆ ಬೆತ್ತಲೆಯಾಗಿ ಬಡಕಲಾಗಿ ಮಲಗಿದ ಶವ. ಎರಡೂ ಅವರೇ. ಈ ಸಮಾಧಿಯ ಆರೈಕೆ ಇಂದಿಗೂ ಕಾಲೇಜಿನ ಹೊಣೆ.

ಮಕ್ಕಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯವನ್ನು ನಾವು ಈ ಹಬ್ಬದಂದು ನೆನೆಯುತ್ತೇವೆ. ಯುದ್ಧದಲ್ಲಿ ಬಿದ್ದವರ ಉಡುಪಿನೊಳಗೆ ವಿಗ್ರಹಗಳ ತಾಯಿತಗಳು ಸಿಕ್ಕಿದರೂ ಯೂದನು ಅವರನ್ನು ಕೈಬಿಡಲಿಲ್ಲ. 2,000 ಬೆಳ್ಳಿ ನಾಣ್ಯ ಕೂಡಿಸಿ, ಅವರ ಪಾಪಪರಿಹಾರ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದನು. ಚಿಚೆಲಿಯವರು ಮಾಡಿದ್ದೂ ಇದನ್ನೇ.

ಹದಿನಾರನೆಯ ಶತಮಾನದ ಧರ್ಮಕ್ರಾಂತಿಯಲ್ಲಿ ಮೃತರಿಗಾಗಿ ಅರ್ಪಿಸುವ ಬಲಿಪೂಜೆ ನಿಂತುಹೋಯಿತು. ಪ್ರಾರ್ಥನಾಲಯದ ಬಲಿಪೀಠದ ಹಿಂದಿನ ಗೋಡೆಯಲ್ಲಿದ್ದ ಸಂತರ ಪ್ರತಿಮೆಗಳು ನಾಶವಾದವು. ಖಾಲಿ ಗೂಡುಗಳನ್ನು ಮುಂದೆ ಗಾರೆಯಿಂದ ಮುಚ್ಚಲಾಯಿತು. 1870ರ ದಶಕದಲ್ಲಿ ಅವುಗಳಲ್ಲಿ ಹೊಸ ಪ್ರತಿಮೆಗಳನ್ನಿಟ್ಟರು. ಕಾಲೇಜು ಮಾತ್ರ ಉಳಿಯಿತು. ಇಂದು ಅಲ್ಲಿ ಪದವಿ ಓದುವ ವಿದ್ಯಾರ್ಥಿಗಳೇ ಇಲ್ಲ, ಸಂಶೋಧಕರಷ್ಟೇ ಇದ್ದಾರೆ. ಅಲ್ಲಿಗೆ ಆರಿಸುವ ಪರೀಕ್ಷೆ ಬಹು ಕಠಿಣ. 2010ರವರೆಗೆ ಒಂದೇ ಒಂದು ಪದ ಕೊಟ್ಟು ಮೂರು ಗಂಟೆ ಪ್ರಬಂಧ ಬರೆಸುತ್ತಿದ್ದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ್ದ ಡಾ. ರಾಧಾಕೃಷ್ಣನ್ ಅವರೂ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ ಈ ಕಾಲೇಜಿನ ಫೆಲೋ ಆಗಿದ್ದರು.

ಈ ಕಾಲೇಜಿನ ಗ್ರಂಥಾಲಯ ಬಹಳ ಹೆಸರಾದುದು. ಅದಕ್ಕೆ 10,000 ಪೌಂಡು ಮತ್ತು ತನ್ನ ಪುಸ್ತಕಗಳನ್ನು ಉಯಿಲು ಬರೆದಿಟ್ಟು 1710ರಲ್ಲಿ ತೀರಿಕೊಂಡವನು ಕ್ರಿಸ್ಟೋಫರ್ ಕಾಡ್ರಿಂಗ್ಟನ್. ಗ್ರಂಥಾಲಯಕ್ಕೆ ಅವನ ಹೆಸರೇ ನಿಂತಿತು, ನಡುವೆ ಅವನ ಪ್ರತಿಮೆಯೂ ಬಂತು. ಆ ಹಣ ಎಲ್ಲಿಯದು? ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳದ್ದು. ಆಫ್ರಿಕದಿಂದ ಹಿಡಿದು ತಂದ ಗುಲಾಮರು ಅಲ್ಲಿ ದುಡಿದು ಸತ್ತರು. ಸಕಲ ಮೃತರಿಗಾಗಿ ಹುಟ್ಟಿದ ಮನೆಯಲ್ಲಿ ಈ ಮೃತರನ್ನು ಮುನ್ನೂರು ವರ್ಷ ಯಾರೂ ನೆನೆಯಲಿಲ್ಲ. ದಾನಿಯ ಹೆಸರು ಕಲ್ಲಿನಲ್ಲಿ, ದುಡಿದವರ ಹೆಸರು ಮಣ್ಣಿನಲ್ಲಿ! ನಮ್ಮ ದೇವಾಲಯಗಳ ಅಮೃತಶಿಲೆಯ ಫಲಕಗಳನ್ನು ಓದುವಾಗಲೂ ನಮಗೆ ಈ ಮಾತು ನೆನಪಾಗುತ್ತದೆ.

2020ರಲ್ಲಿ ಕಾಲೇಜು ಗ್ರಂಥಾಲಯಕ್ಕೆ ಕಾಡ್ರಿಂಗ್ಟನ್ ಹೆಸರನ್ನು ಬಳಸುವುದನ್ನು ಬಿಟ್ಟಿತು. ಪ್ರತಿಮೆ ಒಳಗೇ ಇದೆ. ಹೊರಗೆ ಬಾಗಿಲಿನ ಬಳಿ, ಆ ತೋಟಗಳಲ್ಲಿ ಗುಲಾಮರಾಗಿ ದುಡಿದವರ ನೆನಪಿಗೆ ಒಂದು ಫಲಕವನ್ನು ಹಾಕಿದ್ದಾರೆ.