ಮೆಟ್ಟಿಲೂ ಆಳವೂ

ಬಹುಜನರನ್ನು ಮುಟ್ಟಬೇಕೆಂದು ಹೊರಟ ಕಲೆ ತನ್ನ ಆಳವನ್ನು ಕಳೆದುಕೊಳ್ಳುವುದು ಅನಿವಾರ್ಯವೆ? ಕಾವ್ಯವಿಚಾರದಲ್ಲಿ ಈ ಪ್ರಶ್ನೆ ಹಳೆಯದು. ಇಂದು ಇದನ್ನು ಬಿಸಿಬಿಸಿಯಾಗಿ ಚರ್ಚಿಸುತ್ತಿರುವವರಲ್ಲಿ ವಿಡಿಯೊ ಗೇಮ್‌ಗಳ ಅಭಿಮಾನಿಗಳೂ ಸೇರಿದ್ದಾರೆ. ಎಲ್ಲರಿಗೂ ನಿಲುಕಲೆಂದು ಸುಲಭಗೊಳಿಸಿದ ಆಟಗಳಲ್ಲಿ ಹಿಂದಿನ ಸತ್ವ ಉಳಿದಿಲ್ಲವೆಂಬುದು ಅವರ ದೂರು. ಆಟವೆಂದೊಡನೆ ಹುಡುಗರ ಕಾಲಹರಣವೆಂದು ಮುಖ ತಿರುಗಿಸುವ ಹಿರಿಯರೂ ಈ ವಾದಕ್ಕೆ ತುಸು ಕಿವಿಗೊಡುವುದು ಒಳ್ಳೆಯದು.

ಮೊದಲು ನಮ್ಮ ಜಗಲಿಯ ಆಟವೊಂದನ್ನೇ ನೋಡೋಣ. ಕವಡೆ ಹಾಕಿ ಆಡುವ ಪಚ್ಚೀಸಿಯಲ್ಲಿ ನಾಲ್ವರು ಎರಡು ಜೋಡಿಗಳಾಗಿ ಕೂಡುತ್ತಾರೆ. ಜೊತೆಗಾರನ ಕಾಯಿಗಳೂ ಹಣ್ಣಾಗುವವರೆಗೆ ತನ್ನ ಗೆಲವು ಗೆಲವಲ್ಲ. ಮುಂದೆ ಓಡುವುದೆ, ಸಂಗಡಿಗನಿಗೆ ನೆರವಾಗಿ ಹಿಂದೆಯೇ ನಿಲ್ಲುವುದೆ ಎಂಬ ವಿವೇಚನೆ ಪ್ರತಿಯೊಂದು ಗರಕ್ಕೂ ಬೇಕು. ಇದೇ ಆಟದ ಸರಳ ರೂಪವೊಂದು ೧೮೯೬ರಲ್ಲಿ ಇಂಗ್ಲೆಂಡಿನಲ್ಲಿ ‘ಲೂಡೋ’ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆಯಿತು. ಕವಡೆಗಳ ಸ್ಥಾನಕ್ಕೆ ಒಂದು ದಾಳ ಬಂತು. ಜೋಡಿ ಹೋಗಿ ಒಬ್ಬೊಬ್ಬರೂ ತಮ್ಮಷ್ಟಕ್ಕೆ ತಾವಾದರು. ಮಗುವೂ ಕ್ಷಣದಲ್ಲಿ ಕಲಿಯಬಲ್ಲ ಈ ಆಟ ದೇಶದೇಶಗಳನ್ನು ಸುತ್ತಿತು. ಕವಡೆ ಹೋದುದರಿಂದ ಆಟ ಬಡವಾಗಲಿಲ್ಲ. ಜೊತೆಗಾರ ಹೋದುದರಿಂದ ಬಡವಾಯಿತು. ಸುಲಭಗೊಳಿಸುವ ಕಾರ್ಯದಲ್ಲಿ ಹೀಗೆ ಎರಡು ಬಗೆಯುಂಟು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರ ತಿಳಿಯಾಗುತ್ತದೆ.

ಅಮೆರಿಕದ ಬೆಥೆಸ್ಡಾ ಸಂಸ್ಥೆಯ ‘ಎಲ್ಡರ್ ಸ್ಕ್ರೋಲ್ಸ್’ ಮಾಲೆಯನ್ನು ಅಭಿಮಾನಿಗಳು ಮತ್ತೆ ಮತ್ತೆ ಸಾಕ್ಷಿಗೆ ಕರೆಯುತ್ತಾರೆ. ೨೦೦೨ರ ‘ಮಾರೋವಿಂಡ್’ ಆಟದಲ್ಲಿ ಆಟಗಾರನ ಪಾತ್ರಕ್ಕೆ ೨೭ ಬಗೆಯ ಕೌಶಲಗಳಿದ್ದುವು, ೨೦೦೬ರ ‘ಅಬ್ಲಿವಿಯನ್’ನಲ್ಲಿ ಅವು ೨೧ ಆದುವು, ೨೦೧೧ರ ‘ಸ್ಕೈರಿಮ್’ನಲ್ಲಿ ೧೮ಕ್ಕೆ ಇಳಿದುವು. ಸ್ಕೈರಿಮ್ ೨೦೨೩ರ ಹೊತ್ತಿಗೆ ೬ ಕೋಟಿ ಪ್ರತಿಗಳನ್ನು ಮೀರಿ ಮಾರಾಟವಾಗಿತ್ತು. ಸಂಖ್ಯೆ ಇಳಿದಂತೆ ಜನ ಏರಿದರು, ಆಳ ಇಂಗಿತು ಎಂದು ತೀರ್ಪು ಕೊಡುವುದು ಸುಲಭ. ಆದರೆ ಆಳವನ್ನು ಎಣಿಕೆಯಿಂದ ಅಳೆಯಲಾಗದು. ಮಾರೋವಿಂಡ್‌ನಲ್ಲಿ ಕತ್ತಿ ವೈರಿಗೆ ತಗುಲಿದ್ದು ಕಣ್ಣಿಗೆ ಕಂಡರೂ, ಒಳಗಿನ ಗಣಿತ ಒಪ್ಪದಿದ್ದರೆ ಏಟು ಬೀಳುತ್ತಿರಲಿಲ್ಲ. ಮುಂದಿನ ಆಟ ಅದನ್ನು ಕೈಬಿಟ್ಟಿತು. ಇದು ಕವಡೆ ಹೋದಂತೆ, ಯಾರಿಗೂ ನಷ್ಟವಿಲ್ಲ.

ನಿಜವಾದ ನಷ್ಟ ಬೇರೊಂದು ಕಡೆ ಆಯಿತು. ಮಾರೋವಿಂಡ್‌ನಲ್ಲಿ ಹೋಗಬೇಕಾದ ಜಾಗವನ್ನು ಆ ಲೋಕದ ಜನರೇ ಬಾಯಿಮಾತಿನಲ್ಲಿ ತಿಳಿಸುತ್ತಿದ್ದರು: ಇಂಥ ಸೇತುವೆ ದಾಟು, ಇಂಥ ಗುಡ್ಡದ ಬಳಿ ತಿರುಗು. ಆಟಗಾರ ಕೇಳಿಸಿಕೊಳ್ಳಬೇಕಾಗಿತ್ತು, ನೆಲವನ್ನು ನೋಡಬೇಕಾಗಿತ್ತು, ದಾರಿ ತಪ್ಪಬೇಕಾಗಿತ್ತು. ಅಬ್ಲಿವಿಯನ್ ಬಂದಾಗ ತೆರೆಯ ಮೇಲೆ ದಿಕ್ಸೂಚಿಯೊಂದು ಕಾಣಿಸಿಕೊಂಡು, ಗುರಿಯ ಕಡೆಗೆ ಗುರುತು ಹಾಕಿ ತೋರಿಸಿತು. ಅಂದಿನಿಂದ ಆಟಗಾರನ ಕಣ್ಣು ನೆಲವನ್ನು ಬಿಟ್ಟು ಆ ಗುರುತಿಗೆ ಅಂಟಿಕೊಂಡಿತು. ಬೇಡವೆನಿಸಿದವನು ಗುರುತನ್ನು ಅಳಿಸಿ ಆಡಬಹುದಲ್ಲ ಎಂದರೆ, ಸ್ಕೈರಿಮ್‌ನ ಎಷ್ಟೋ ಪ್ರಸಂಗಗಳಲ್ಲಿ ದಾರಿ ಹೇಳುವ ಮಾತನ್ನೇ ಬರೆದಿಲ್ಲ. ಗುರುತು ಮಾತಿಗೆ ನೆರವಾಗಿ ಬಂದು, ಕಡೆಗೆ ಮಾತನ್ನೇ ಹೊರಗಟ್ಟಿತು. ಇಲ್ಲಿ ಹೋದದ್ದು ಜೊತೆಗಾರ.

ಹಾಗೆಂದು ಸರಳತೆಯನ್ನು ದೂರುವಂತಿಲ್ಲ. ೧೯೮೪ರಲ್ಲಿ ಮಾಸ್ಕೋದ ಅಲೆಕ್ಸೇಯ್ ಪಜಿತ್ನೊವ್ ರಚಿಸಿದ ‘ಟೆಟ್ರಿಸ್’ ಆಟದ ಸಾಮಗ್ರಿ ಏಳೇ ಆಕೃತಿಗಳು. ನಿಯಮ ಒಂದು ನಿಮಿಷದ ಪಾಠ. ನಿಂಟೆಂಡೊ ೧೯೮೯ರಲ್ಲಿ ಹೊರತಂದ ಅದರ ಆವೃತ್ತಿಯನ್ನು, ಯಂತ್ರವೇ ಸ್ತಬ್ಧವಾಗುವ ಎಲ್ಲೆಯವರೆಗೆ ಮನುಷ್ಯನೊಬ್ಬ ಆಡಿ ಮುಟ್ಟಿದ್ದು ೨೦೨೩ರ ಡಿಸೆಂಬರಿನಲ್ಲಿ. ಅವನು ೧೩ ವರ್ಷದ ಬಾಲಕ. ಹೊಸಿಲು ಅಷ್ಟು ತಗ್ಗಾದ ಮನೆಯ ಹಿತ್ತಲು ೩೪ ವರ್ಷ ನಡೆದರೂ ಮುಗಿಯದಷ್ಟು ಉದ್ದವಾಗಿತ್ತು!

ಕಠಿಣವಾದ ಆಟಕ್ಕೂ ದಾರಿ ತೆರೆಯಬಹುದೆಂಬುದಕ್ಕೆ ಜಪಾನಿನ ಹಿದೆತಾಕಾ ಮಿಯಾಝಾಕಿ ಅವರ ನಿರ್ದೇಶನದ ‘ಎಲ್ಡನ್ ರಿಂಗ್’ ನಿದರ್ಶನ. ೨೦೨೨ರ ಫೆಬ್ರವರಿಯಲ್ಲಿ ಬಂದ ಇದು ಒಂದು ವರ್ಷದೊಳಗೆ ೨ ಕೋಟಿ ಪ್ರತಿಗಳ ಮಟ್ಟ ಮುಟ್ಟಿತು. ಕಾಠಿಣ್ಯವನ್ನು ತಗ್ಗಿಸಿಕೊಳ್ಳುವ ಆಯ್ಕೆ ಅದರಲ್ಲಿಲ್ಲ. ಆದರೆ ಅದರ ಲೋಕ ವಿಶಾಲವಾದುದು. ಗೆಲ್ಲಲಾಗದ ವೈರಿ ಎದುರಾದರೆ ಬೇರೆ ದಿಕ್ಕಿಗೆ ನಡೆದು, ಬಲ ಕೂಡಿಸಿಕೊಂಡು, ಮರಳಿ ಬರಬಹುದು. ವೈರಿಯನ್ನು ಕುಗ್ಗಿಸದೆ ಸೋತವನಿಗೆ ಉಪಾಯ ಒದಗಿಸಿದ್ದಾರೆ. ೨೦೧೮ರ ‘ಸೆಲೆಸ್ಟ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬೇಕೆಂದವರು ಅದರ ವೇಗವನ್ನೇ ತಗ್ಗಿಸಿಕೊಳ್ಳಬಹುದು. ಬೇಡದವರಿಗೆ ಪರ್ವತ ಇದ್ದಷ್ಟೇ ಎತ್ತರ.

ಈ ವಿವೇಕ ನಮಗೆ ಹೊಸತೇನಲ್ಲ. ಕುಮಾರವ್ಯಾಸನ ಭಾರತವನ್ನು ಅಕ್ಷರವರಿಯದವರು ಗಮಕಿಗಳ ಬಾಯಿಂದ ಕೇಳಿ ತಣಿದರು. ಅದೇ ಕಾವ್ಯದ ಮುಂದೆ ವಿದ್ವಾಂಸರು ಆಯುಷ್ಯವನ್ನು ಸವೆಸಿದರು. ಕೇಳುಗನಿಗಾಗಿ ಗಮಕಿ ಪದವನ್ನು ಬಿಡಿಸಿ ಹೇಳಿದನು, ರಾಗದಿಂದ ಅರ್ಥವನ್ನು ಬೆಳಗಿದನು. ಪದ್ಯವನ್ನು ಮಾತ್ರ ತಿದ್ದಲಿಲ್ಲ. ಊರ ಕಲ್ಯಾಣಿಗೆ ಮೆಟ್ಟಿಲು ಕಟ್ಟಿದರೆ ಮಕ್ಕಳೂ ಮುದುಕರೂ ಇಳಿಯಬಲ್ಲರು, ನೀರಿನ ಆಳ ಇದ್ದಂತೆಯೇ ಇರುತ್ತದೆ. ಮಣ್ಣು ತುಂಬಿದರೂ ಎಲ್ಲರೂ ಇಳಿಯಬಲ್ಲರು. ಈಜುವುದು ಮಾತ್ರ ಯಾರಿಗೂ ಸಾಧ್ಯವಾಗದು.

ಮಣ್ಣು ತುಂಬುವುದಕ್ಕಿಂತ ಮೆಟ್ಟಿಲು ಕಟ್ಟುವುದಕ್ಕೆ ಹೆಚ್ಚು ಶ್ರಮ ಬೇಕು, ಹೆಚ್ಚು ಹಣವೂ ಬೇಕು. ಅದಕ್ಕಿಂತ ಮಿಗಿಲಾಗಿ, ಬರುವವನು ಇಳಿಯಬಲ್ಲನೆಂಬ ಗೌರವ ಬೇಕು. ಜನಸಾಮಾನ್ಯರಿಗೆ ಇಷ್ಟೇ ಸಾಕು ಎನ್ನುವವನು ಜನಸಾಮಾನ್ಯರನ್ನು ಪ್ರೀತಿಸುತ್ತಿರುವನೆಂದು ನಾವು ಅನೇಕ ವೇಳೆ ತಿಳಿಯುತ್ತೇವೆ. ಅವನು ಅವರನ್ನು ಅಳೆದು, ಚಿಕ್ಕವರೆಂದು ತೀರ್ಮಾನಿಸಿರುತ್ತಾನೆ. ಆಟ ಕಟ್ಟುವವರಿಗೆ ಹೇಗೋ, ಪಠ್ಯ ರಚಿಸುವ ನಮ್ಮಂಥವರಿಗೂ ಹಾಗೆಯೇ ಈ ಎಚ್ಚರ ಸಲ್ಲುತ್ತದೆ.