ಕಿಟಕಿಯಾಚೆಯ ಮರ

ಬಳಲಿದ ಮನಸ್ಸು ಮರಗಿಡಗಳ ಸಾನ್ನಿಧ್ಯದಲ್ಲಿ ಹಗುರಾಗುತ್ತದೆಂಬುದು ಸರ್ವರ ಅನುಭವ. ಆದರೆ ಅಳೆಯದೆ ಏನನ್ನೂ ಒಪ್ಪಲಾರೆನೆಂಬುದು ಭೌತವಿಜ್ಞಾನಿಯ ಹಟ. ಶಾಂತಿಯನ್ನು ಅಳೆಯುವ ಮಾಪಕವೆಲ್ಲಿದೆ?

ಅಮೆರಿಕದ ರೋಜರ್ ಉಲ್ರಿಕ್ ಎಂಬ ವಿದ್ವಾಂಸರು ಇದಕ್ಕೊಂದು ಜಾಣ ಉಪಾಯವನ್ನು ಕಂಡುಕೊಂಡರು. ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ಅವರು ಪರಿಶೀಲಿಸಿದರು. ಕೆಲವರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದವರಿಗೆ ಬರಿಯ ಇಟ್ಟಿಗೆಯ ಗೋಡೆ. ವಯಸ್ಸು, ಲಿಂಗ, ಧೂಮಪಾನದ ಅಭ್ಯಾಸ ಮೊದಲಾದವುಗಳಲ್ಲಿ ಪರಸ್ಪರ ಹೋಲುವ 23 ಜೋಡಿಗಳನ್ನು ಆರಿಸಿ ತುಲನೆ ಮಾಡಿದಾಗ, ಮರಗಳನ್ನು ಕಂಡವರು ಶಸ್ತ್ರಚಿಕಿತ್ಸೆಯ ತರುವಾಯ ಸರಾಸರಿ 7.96 ದಿನಗಳು ಆಸ್ಪತ್ರೆಯಲ್ಲಿದ್ದರೆ, ಗೋಡೆಯನ್ನು ಕಂಡವರು 8.70 ದಿನಗಳು ಇರಬೇಕಾಯಿತು. ಮೊದಲಿನವರಿಗೆ ತೀವ್ರವಾದ ನೋವುನಿವಾರಕಗಳೂ ಕಡಮೆ ಸಾಕಾದವು. 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಲೇಖನ ಮೂರು ಪುಟಗಳನ್ನೂ ಮೀರದು. ಕೇವಲ 46 ಜನರಿಂದ ನಿಯಮವನ್ನು ಕಟ್ಟಲಾಗದು, ನಿಜ. ಆದರೆ ಪ್ರಶ್ನೆಯನ್ನು ಕೇಳಿದ ಬಗೆ ಎಷ್ಟು ಸೊಗಸಾದುದು!

ಇದನ್ನು ನಾನು ಓದಿದುದು ತಂದೆಯವರ ಹಾಸಿಗೆಯ ಬಳಿ ಕುಳಿತು. ಅವರ ವಾರ್ಡಿನ ಕಿಟಕಿಯೂ ಪಕ್ಕದ ಕಟ್ಟಡದ ಗೋಡೆಗೇ ತೆರೆದಿತ್ತು. ಆಚೆಯ ಸಾಲಿನಲ್ಲಿ ಹೊಂಗೆಯ ಮರ ಕಾಣುವ ಹಾಸಿಗೆಯೊಂದಿತ್ತು, ಕೇಳಿದೆ, ತೆರವಿರಲಿಲ್ಲ. ಒಂಬತ್ತು ರಾತ್ರಿಗಳ ಜಾಗರಣೆಯ ಬಳಿಕ, ತಮ್ಮನನ್ನು ಅಲ್ಲಿ ಕೂರಿಸಿ, ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದೆ. ಹೆಜ್ಜಾರ್ಲೆಯೊಂದು ರೆಕ್ಕೆ ಚಾಚಿ ನೀರನ್ನು ಸೀಳುತ್ತ ಇಳಿಯಿತು. ಅದನ್ನು ನೋಡಬೇಕೆಂದು ನಾನು ಪ್ರಯತ್ನಿಸಲಿಲ್ಲ. ಕಣ್ಣು ತಾನಾಗಿಯೇ ಹೋಯಿತು.

ಗುಟ್ಟಿರುವುದು ಇಲ್ಲಿಯೇ ಎನ್ನುತ್ತಾರೆ ಮಿಚಿಗನ್ ವಿಶ್ವವಿದ್ಯಾನಿಲಯದ ಕ್ಯಾಪ್ಲನ್ ದಂಪತಿಗಳು. ಲೆಕ್ಕ ಬಿಡಿಸುವಾಗ, ಔಷಧಿಯ ವೇಳೆಯನ್ನು ಕಾಯುವಾಗ, ನಾವು ಅವಧಾನವನ್ನು ಬಲವಂತವಾಗಿ ಹಿಡಿದಿಡುತ್ತೇವೆ; ಆ ಶಕ್ತಿ ದಣಿಯುತ್ತದೆ. ಎಲೆಯ ಅಲುಗಾಟ, ನೀರಿನ ಅಲೆಗಳು ಅವಧಾನವನ್ನು ಸೆಳೆಯುತ್ತವೆಯೇ ಹೊರತು ಬೇಡುವುದಿಲ್ಲ. ಅಷ್ಟು ಹೊತ್ತು ದಣಿದುದಕ್ಕೆ ಬಿಡುವು.

ಎಷ್ಟು ಹೊತ್ತು ಬೇಕು? ಇಂಗ್ಲೆಂಡಿನ ಸುಮಾರು 20,000 ಜನರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ 120 ನಿಮಿಷಗಳನ್ನಾದರೂ ಪ್ರಕೃತಿಯಲ್ಲಿ ಕಳೆದವರು ತಾವು ಆರೋಗ್ಯವಾಗಿದ್ದೇವೆಂದು ಹೇಳುವ ಸಂಭವ ಹೆಚ್ಚಾಗಿತ್ತು. ಆರೋಗ್ಯವಂತರೇ ಹೆಚ್ಚು ಅಡ್ಡಾಡುವರಲ್ಲವೇ ಎಂದು ವಾಚಕರು ಕೇಳಬಹುದು. ಕೇಳಲೇಬೇಕು; ಆ ಲೇಖಕರೂ ಈ ಸಂದೇಹವನ್ನು ಮರೆಮಾಚಿಲ್ಲ.

ತಂದೆಯವರು ಮನೆಗೆ ಬಂದ ದಿನ ಅವರ ಮಂಚವನ್ನು ಅಂಗಳದ ಬೇವಿನ ಮರ ಕಾಣುವಂತೆ ತಿರುಗಿಸಿದೆ. ಉಲ್ರಿಕ್ಕರ ಅಂಕಿಗಳನ್ನು ವಿವರಿಸಿದಾಗ ಅವರು ನಕ್ಕು, “ಇದಕ್ಕೂ ಲೆಕ್ಕ ಹಾಕಬೇಕಾಯಿತೇನಪ್ಪಾ?” ಎಂದು ಕೇಳಿ, ಮರದ ಕಡೆಗೆ ಮಗ್ಗುಲಾದರು.