ಬೆನ್ನುಹುರಿಯ ಗಾಯದ ಅನಂತರದ ಬದುಕು

ಕಲ್ಯಾಣದಿಂದ ಡೊಂಬಿವಲಿ, ಠಾಣೆಗಳ ಮಾರ್ಗವಾಗಿ ಮುಂಬಯಿಗೆ ಸಾಗುವ ಲೋಕಲ್ ಗಾಡಿಗಳ ಬಾಗಿಲಲ್ಲಿ ಜೋತುಬಿದ್ದು ಪ್ರಯಾಣ ಮಾಡುವುದು ಅಲ್ಲಿಯ ದುಡಿಯುವ ಜನರಿಗೆ ನಿತ್ಯದ ಸಂಗತಿ; ಅವರಲ್ಲಿ ಕನ್ನಡಿಗರೂ ಇದ್ದಾರೆ. 2025ರ ಜೂನ್ 9ರಂದು ಮುಂಬ್ರಾ ಬಳಿ ಹೀಗೆ ಬಿದ್ದ ಪ್ರಯಾಣಿಕರಲ್ಲಿ ಹಲವರು ಮೃತಪಟ್ಟರು. ಇಂತಹ ಅಪಘಾತಗಳಲ್ಲಿ ಬದುಕುಳಿದರೂ ಬೆನ್ನುಹುರಿಗೆ ಪೆಟ್ಟಾಗುವ ಸಂಭವವುಂಟು. ಆದುದರಿಂದ ಬಿದ್ದವರ ಕುತ್ತಿಗೆ, ಸೊಂಟಗಳನ್ನು ತಿರುಚದೆ, ಸಮತಟ್ಟಾದ ಹಲಗೆಯ ಮೇಲೆ ಸಾಗಿಸುವುದು ಅಗತ್ಯ.

ಮಿದುಳಿನ ಆಜ್ಞೆಯನ್ನು ಅಂಗಾಂಗಗಳಿಗೂ ಅವುಗಳ ಅರಿವನ್ನು ಮಿದುಳಿಗೂ ಒಯ್ಯುವ ನರಗಳ ಕಟ್ಟೇ ಬೆನ್ನುಹುರಿ. ಕುತ್ತಿಗೆಯ ಬಳಿ ಗಾಯವಾದರೆ ಕೈಕಾಲುಗಳೆರಡೂ, ಅದಕ್ಕಿಂತ ಕೆಳಗಾದರೆ ಕಾಲುಗಳು ಸ್ವಾಧೀನ ತಪ್ಪುತ್ತವೆ. ತುಂಡಾದ ಹುರಿಯನ್ನು ಮೊದಲಿನಂತೆ ಬೆಸೆಯುವ ಚಿಕಿತ್ಸೆ ಇಂದಿಗೂ ಕೈಗೂಡಿಲ್ಲ.

ಆದರೆ ಹಿಂದೆ ಇಂತಹವರ ಪ್ರಾಣ ತೆಗೆಯುತ್ತಿದ್ದುದು ಬಹುಮಟ್ಟಿಗೆ ಹುರಿಯ ಗಾಯವಲ್ಲ, ಒತ್ತುಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ರೋಗಿಗಳನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಪದ್ಧತಿಯನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದರು. ಔಷಧವಲ್ಲದ ಈ ಸರಳ ಶುಶ್ರೂಷೆ ಅಸಂಖ್ಯ ಜನರ ಆಯುಸ್ಸನ್ನು ಹೆಚ್ಚಿಸಿತು. ಮನೆಯವರು ಇಂದಿಗೂ ಮೊದಲು ಕಲಿಯಬೇಕಾದುದು ಇದನ್ನೇ. ಗಾಲಿಕುರ್ಚಿಯಲ್ಲಿ ಕುಳಿತವರು ಆಗಾಗ ಮೈಭಾರವನ್ನು ಹಗುರ ಮಾಡಿಕೊಳ್ಳಬೇಕು. ಚರ್ಮ ಕೆಂಪಾಗಿದೆಯೇ ಎಂದು ದಿನವೂ ಕನ್ನಡಿ ಹಿಡಿದು ನೋಡಬೇಕು, ಏಕೆಂದರೆ ನೋವು ಎಚ್ಚರಿಸುವುದಿಲ್ಲ. ದಿನಕ್ಕೆ ನಾಲ್ಕಾರು ಬಾರಿ ಶುಚಿಯಾದ ಕೊಳವೆಯಿಂದ ಮೂತ್ರ ಹೊರತೆಗೆಯುವ ಕ್ರಮವನ್ನು ಬಹುಮಂದಿ ತಾವೇ ಕಲಿಯಬಲ್ಲರು.

ಬದುಕುಳಿದ ಮೇಲೆ ಜೀವನೋಪಾಯದ ಪ್ರಶ್ನೆ ಬರುತ್ತದೆ. 22 ದೇಶಗಳಲ್ಲಿ ಬೆನ್ನುಹುರಿಗೆ ಗಾಯವಾದವರನ್ನೇ ಕೇಳಿ ನಡೆಸಿದ ಅಂತಾರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದುಡಿಯುವ ವಯಸ್ಸಿನವರಲ್ಲಿ ಸಂಬಳದ ಕೆಲಸವಿದ್ದವರು ಶೇಕಡ 38 ಮಾತ್ರ. ಒಂದು ದೇಶದಲ್ಲಿ ಈ ಪ್ರಮಾಣ ಶೇಕಡ 10ರಷ್ಟಿದ್ದರೆ ಮತ್ತೊಂದರಲ್ಲಿ 61. ಗಾಯ ಅದೇ ಬಗೆಯದು. ಇಷ್ಟೊಂದು ಅಂತರಕ್ಕೆ ಗಾಯವೊಂದೇ ಕಾರಣವಾಗಲಾರದು. ಭಾರತ ಆ ಸಮೀಕ್ಷೆಯಲ್ಲಿ ಸೇರಿರಲಿಲ್ಲ.

ಮುಂಬಯಿಯ ಹಾಜಿ ಅಲಿಯಲ್ಲಿ 1955ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಅಖಿಲ ಭಾರತ ಭೌತಿಕ ವೈದ್ಯಕೀಯ ಹಾಗೂ ಪುನರ್ವಸತಿ ಸಂಸ್ಥೆ ಇಂತಹವರಿಗೆ ನೆರವಾಗುತ್ತಿದೆ. ಲೋಕಲ್ ಗಾಡಿಗಳಲ್ಲಿ ಅಂಗವಿಕಲರಿಗೆ ಪ್ರತ್ಯೇಕ ಡಬ್ಬಿಯೂ ಇದೆ. ಆದರೆ ಕಲ್ಯಾಣ, ಡೊಂಬಿವಲಿಗಳ ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ವಾಸಿಸುವ ಗಾಲಿಕುರ್ಚಿಯ ವ್ಯಕ್ತಿ ಆ ಡಬ್ಬಿಯನ್ನು ತಲುಪಲು ಮೊದಲು ನಾಲ್ವರ ಹೆಗಲು ಬೇಕು.